ಹೋಮ್ ಬೇಡ ಎಂದ ಫೋಟೋಗ್ರಾಫರ್

ಹೆಂಡತಿ: ಅಲ್ಲಾ ರೀ, ಆ ಬ್ಯಾಕಪ್ ಸಾಫ್ಟ್‌ವೇರ್ ಅಷ್ಟು ಮರ್ಯಾದೆಯಿಂದ ‘ಹೋಮ್ ಸೇರಿಸಲಾ?’ ಅಂತ ಕೇಳಿದ್ರೆ ಯಾಕೆ ಬೇಡ ಅಂದ್ರಿ?

ಗಂಡ: ಇದು ಸ್ಟುಡಿಯೋ ಕಣೇ. ಇಲ್ಲಿ ಮನೆ ವಿಷಯ ಯಾಕೆ ಅಂತ ಬೇಡ ಅಂದೆ.

ಸ್ಟುಡಿಯೋದ ಒಳಕೋಣೆ. ಫೋಟೋ ತೆಗೆಯುವುದು ಗಂಡನ ಕೆಲಸ, ತಿದ್ದಿ ಆಲ್ಬಂ ಮಾಡುವುದು ಹೆಂಡತಿಯದು. ಹಳೆಯ ಕಂಪ್ಯೂಟರ್ ಮಾತುಮಾತಿಗೂ ಮುನಿಸಿಕೊಳ್ಳುತ್ತಿದ್ದುದರಿಂದ ಹೋದ ವಾರ ಬೇರೆಯೇ ಆಪರೇಟಿಂಗ್ ಸಿಸ್ಟಮ್ಮಿನ ಹೊಸದೊಂದನ್ನು ತಂದಿದ್ದರು. ಜಾಗ ಸಾಲದೆಂದು ಗಂಡ ಇವತ್ತು ಒಂದು ಮದುವೆಯ ಫೋಲ್ಡರನ್ನೇ ಡಿಲೀಟ್ ಮಾಡಿ, ಬ್ಯಾಕಪ್ ಇದೆಯಲ್ಲ ಎಂದು ನೆಮ್ಮದಿಯಾಗಿ ಕಾಫಿ ಕುಡಿದಿದ್ದ.

ಹೆಂಡತಿ: ಈ ಸಿಸ್ಟಮ್ಮಲ್ಲಿ ನಮ್ಮ ಫೈಲೆಲ್ಲಾ ಇರೋದೇ ಹೋಮ್ ಅನ್ನೋ ಫೋಲ್ಡರಲ್ಲಿ!

ಗಂಡ: ಡಿ ಡ್ರೈವಲ್ಲಿ ಅಲ್ವಾ?

ಹೆಂಡತಿ: ಇದರಲ್ಲಿ ಡಿ ಇಲ್ಲ.

ಗಂಡ: ಸಿ ಆದ್ಮೇಲೆ ಸೀದಾ ಇ?

ಹೆಂಡತಿ: ಸಿ ನೂ ಇಲ್ಲ.

ಗಂಡ: ಹಾಗಾದ್ರೆ ನಾನು ಎಬಿಸಿಡಿ ಕಲಿತಿದ್ದೇ ದಂಡ. ಹೋಗ್ಲಿ, ಮೂರು ದಿನದಿಂದ ಆ ಬ್ಯಾಕಪ್ ಗುರ್ ಅಂತ ಏನೋ ತುಂಬಿಸ್ಕೊಳ್ತಿತ್ತಲ್ಲ, ಅದೇನು?

ಹೆಂಡತಿ: ಕಂಪ್ಯೂಟರ್ ತನ್ನದನ್ನ ತಾನೇ ಎತ್ತಿಟ್ಕೊಂಡಿದೆ. ಗಡಿಯಾರ ಇದೆ, ಕ್ಯಾಲ್ಕುಲೇಟರ್ ಇದೆ, ಇಸ್ಪೀಟ್ ಆಟ ಇದೆ.

ಗಂಡ: ಮದುವೆ?

ಹೆಂಡತಿ: ಮದುವೆ ಇಲ್ಲ. ಕ್ಯಾಮೆರಾ ಕಾರ್ಡಲ್ಲಾದ್ರೂ ಇದೆಯಾ?

ಗಂಡ: ಅದನ್ನೂ ಖಾಲಿ ಮಾಡ್ದೆ. ಬ್ಯಾಕಪ್ ಧೈರ್ಯದ ಮೇಲೆ.

ಹೆಂಡತಿ ತಲೆ ಚಚ್ಚಿಕೊಂಡು ಮೌಸ್ ಕಿತ್ತುಕೊಂಡಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದವನು ಆ ಮದುವೆಯ ಮದುಮಗನೇ.

ಮದುಮಗ: ಸರ್, ಆಲ್ಬಂ ಎಲ್ಲಿಗೆ ಬಂತು?

ಗಂಡ: ಮೊದ್ಲು ಕೂತ್ಕೊಳ್ಳಿ. ನೀರು ಕುಡೀರಿ. ನಿಮ್ಮ ಮದುವೆ... ಹೋಯ್ತು.

ಮದುಮಗ: ಅಯ್ಯೋ! ಈಗ ತಾನೇ ಹೆಂಡ್ತಿ ನಗ್ತಾ ಕಳಿಸಿಕೊಟ್ಲಲ್ಲ ಸರ್!

ಗಂಡ: ಹುಡುಗಿ ಅಲ್ಲಪ್ಪಾ, ಫೋಟೋಗಳು! ಒಂದೂ ಉಳಿದಿಲ್ಲ. ತಪ್ಪು ನಂದೇ. ಏನಂತೀರೋ ಅನ್ನಿ.

ಬೈಗುಳಕ್ಕೆ ತಯಾರಾಗಿ ಗಂಡ ಕಣ್ಣು ಮುಚ್ಚಿ ನಿಂತ. ಮದುಮಗ ಅವನ ಎರಡೂ ಕೈ ಹಿಡಿದುಕೊಂಡ.

ಮದುಮಗ: ಒಂದೂ ಇಲ್ವಾ? ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಸರ್!

ಗಂಡ: ಆಂ?

ಮದುಮಗ: ಅವತ್ತು ನನಗೇನಾಯ್ತೋ ಗೊತ್ತಿಲ್ಲ. ಹುಡುಗಿ ನಗ್ತಾ ನಿಂತಿದ್ಲು, ನಾನು ಮೊದಲಿಂದ ಕೊನೇವರೆಗೂ ಗೊಳೋ ಅಂತ ಅತ್ತೆ. ಭಾವಮೈದುನರು ಆಲ್ಬಂ ಬರ್ಲಿ ಅಂತ ಕಾಯ್ತಿದ್ದಾರೆ. ಅದನ್ನ ಹೇಗಾದ್ರೂ ತಡೀರಿ ಅಂತ ಬೇಡ್ಕೊಳ್ಳೋಕೇ ಬಂದೆ.

ಗಂಡನಿಗೆ ಹೋದ ಜೀವ ಬಂದಂತಾಯಿತು. ಎದೆ ಸೆಟೆಸಿದ.

ಗಂಡ: ನೋಡಿ, ಗಿರಾಕಿ ಮನಸ್ಸು ಅರ್ಥ ಮಾಡ್ಕೊಂಡೇ ನಾವು ಕೆಲಸ ಮಾಡೋದು.

ಹೆಂಡತಿ: ರೀ! ಸಿಕ್ತು!

ಗಂಡ: ಏನು ಸಿಕ್ತು?

ಹೆಂಡತಿ: ಮದುವೆ! ನೀವು ಡಿಲೀಟ್ ಮಾಡಿದ್ದು ಫೋಲ್ಡರಲ್ಲ, ಅದರ ಶಾರ್ಟ್‌ಕಟ್. ಕಸದಬುಟ್ಟೀಲಿ ಬಿದ್ದಿರೋ ಈ ಚಿತ್ರದ ಮೂಲೇಲಿ ಪುಟ್ಟ ಬಾಣ ಇದೆ ನೋಡಿ. ಊರಿನ ಬೋರ್ಡ್ ಕಿತ್ತಿದ್ದೀರಿ ಅಷ್ಟೇ, ಊರು ಅಲ್ಲೇ ಇದೆ. ಒಂದೂ ಹೋಗಿಲ್ಲ!

ಪರದೆಯ ತುಂಬ ಮೂಗೊರೆಸಿಕೊಳ್ಳುತ್ತಿರುವ ಮದುಮಗ ಸಾಲುಸಾಲಾಗಿ ಮೂಡಿದ. ಕುರ್ಚಿಯಲ್ಲಿದ್ದ ಮದುಮಗನೂ ಗೊಳೋ ಎಂದು ಅಳತೊಡಗಿದ.

ಮದುಮಗ: ಸರ್, ನಿಮ್ಮ ದಮ್ಮಯ್ಯ... ಇನ್ನೊಂದ್ಸಲ ಅಳಿಸಿಬಿಡಿ.

ಹೆಂಡತಿ: ನೋಡಪ್ಪಾ, ಫೋಟೋ ಅಳಿಸೋದು ಇವರ ಕೈಲಿ ಆಗದ ಕೆಲಸ. ಇವರಿಗೆ ಅಳಿಸೋಕೆ ಬರೋದು ಮನುಷ್ಯರನ್ನ ಮಾತ್ರ.