ಆಪ್ತ ಸಹಾಯಕರ ಕಪಾಳದ ಮೇಲಿನ ಸೊಳ್ಳೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳ ಜನಪ್ರಿಯ ಮುಖಂಡರಾದ ಗೌರೀಶಣ್ಣನವರು ತಮ್ಮ ಆಪ್ತ ಸಹಾಯಕ ನಿಂಗರಾಜನ ಕಪಾಳಕ್ಕೆ ಹೊಡೆದಿಲ್ಲ. ಇದು ಅಧಿಕೃತ ಸಂಗತಿ. ಹೊಡೆದದ್ದನ್ನು ಸಂಪಗಾಂವದ ಸಭೆಗೆ ಬಂದ ಅಷ್ಟೂ ಜನ ಕಣ್ಣಾರೆ ಕಂಡಿದ್ದಾರೆ, ಉಳಿದವರು ಮೊಬೈಲಿನಲ್ಲಿ ಕಂಡಿದ್ದಾರೆ. ಆದರೆ ಕಂಡದ್ದು ಬೇರೆ, ಅಧಿಕೃತವಾದದ್ದು ಬೇರೆ. ಇಷ್ಟೂ ತಿಳಿಯದವರು ರಾಜಕಾರಣದ ಗೊಡವೆಗೆ ಬರಬಾರದು.

ಗೌರೀಶಣ್ಣನವರು ವಿವಾದದ ಮನುಷ್ಯ ಎಂದು ಕೆಲವರು ಆಡಿಕೊಳ್ಳುತ್ತಾರೆ. ಕಟಕೋಳದ ಹಾದಿಯ ಒಂದೇ ಮೋರಿಗೆ ಅವರು ಮೂರು ಸಲ ಭೂಮಿಪೂಜೆ ಮಾಡಿದ್ದು ನಿಜ. ಭೂಮಿತಾಯಿಗೆ ಎಷ್ಟು ಪೂಜೆ ಮಾಡಿದರೂ ಕಡಿಮೆಯೇ ಎಂದು ನಿಂಗರಾಜ ಸ್ಪಷ್ಟೀಕರಣ ಬರೆದ. 'ನನಗ ಓಟು ಹಾಕದ ಓಣಿಗೆ ನಳದ ನೀರು ಯಾಕ ಬೇಕು?' ಎಂದು ಅವರು ಭಾಷಣದಲ್ಲಿ ಕೇಳಿದ್ದೂ ನಿಜ. ಅದು ಜಲ ಸಂರಕ್ಷಣೆಗೆ ಕೊಟ್ಟ ಕರೆ ಎಂದು ನಿಂಗರಾಜನೇ ಬರೆದ. ಸಾಹೇಬರು ಬಾಯಿ ಬಿಡುವುದು, ನಿಂಗರಾಜ ಅದನ್ನು ಮುಚ್ಚುವುದು, ಹೀಗೆ ಒಂಬತ್ತು ವರ್ಷದಿಂದ ಸಂಸಾರ ಸುಸೂತ್ರವಾಗಿ ನಡೆದಿತ್ತು. ಉಳಿದ ಹೊತ್ತಿನಲ್ಲಿ ಅವನು ಸಾಹೇಬರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದ ಜನಕ್ಕೆ 'ನಾಳೆ ಬರ್ರಿ' ಎನ್ನುತ್ತಿದ್ದ. ಈ ಎರಡು ಶಬ್ದಗಳ ಮೇಲೆ ಅವನು ಬೈಲಹೊಂಗಲದಲ್ಲಿ ಎರಡು ಮಹಡಿ ಎಬ್ಬಿಸಿದ್ದ.

ಸಂಪಗಾಂವದಲ್ಲಿ ಆದದ್ದು ಇಷ್ಟು. ಮೈಕು ಮೂಕವಾಗಿತ್ತು. ಸಾಹೇಬರು ಎರಡು ಸಲ ಅದನ್ನು ಊದಿದರು, ಆಮೇಲೆ ಕೈ ಎತ್ತಿದರು. ಕೈ ನಿಂಗರಾಜನ ಕಪಾಳ ಮುಟ್ಟುವುದಕ್ಕೂ ಮೈಕಿಗೆ ಜೀವ ಬರುವುದಕ್ಕೂ ಸರಿಹೋಯಿತು. 'ಚಟಾರ್' ಎಂಬ ಸಪ್ಪಳ ಊರಿನ ಆಚೆ ತುದಿಯ ಕಬ್ಬಿನ ಹೊಲದವರೆಗೂ ಕೇಳಿಸಿತು. ಮೈಕು ಸರಿಹೋಯಿತೆಂದು ಜನ ಚಪ್ಪಾಳೆ ತಟ್ಟಿದರು.

ಸಂಜೆಯೊಳಗೆ ವಿಡಿಯೋ ನಾಲ್ಕೂ ತಾಲೂಕು ತಿರುಗಿತು. ಸಾಹೇಬರು ಫೋನಿನಲ್ಲಿ, "ನಿಂಗ್ಯಾ, ಏನರ ಬರದ ಒಗಿಯೋ ಲಗೂನ" ಎಂದರು. ನಿಂಗರಾಜ ಬಾತ ಕಪಾಳವನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಬರೆದ:

'ಪ್ರಕಟಣೆ. ಸಂಪಗಾಂವದ ಸಭೆಯಲ್ಲಿ ಆಪ್ತ ಸಹಾಯಕರ ಕಪಾಳದ ಮೇಲೆ ಒಂದು ಸೊಳ್ಳೆ ಕುಳಿತಿತ್ತು. ಮಾನ್ಯರು ಸ್ವಂತ ಕೈಯಿಂದ ಅದನ್ನು ನಿವಾರಿಸಿದರು. ಸಿಬ್ಬಂದಿಯ ಆರೋಗ್ಯದ ಬಗ್ಗೆ ಮಾನ್ಯರಿಗಿರುವ ಕಳಕಳಿಯನ್ನು ತಿರುಚಿ ಹೇಳುವುದು ಖಂಡನೀಯ.'

ಬರೆದು ಮುಗಿಸಿ ಓದಿಕೊಂಡಾಗ, ಇದಕ್ಕಿಂತ ಚೊಲೋ ಸ್ಪಷ್ಟೀಕರಣವನ್ನು ತಾನು ಬರೆದೇ ಇಲ್ಲ ಎನಿಸಿತು. ಅಳು ಬಂತು. ಯಾಕೆ ಬಂತೆಂದು ತಿಳಿಯಲಿಲ್ಲ.

ಮನೆಯಲ್ಲಿ ಅವನ ತಾಯಿ ದೇವಕ್ಕ ಆಗಲೇ ಪಡಸಾಲೆಯಲ್ಲಿ ಜಮಖಾನೆ ಹಾಸಿ, ದೊಡ್ಡ ಪಾತೇಲಿಯಲ್ಲಿ ಚಹಕ್ಕೆ ನೀರಿಟ್ಟಿದ್ದಳು. ಈ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಮನೆಗೆ ಕೆಟ್ಟದ್ದಾದರೆ ಊರವರು ಮಾತಾಡಿಸಲು ಬರಬೇಕು. ಬಿಸ್ಕೀಟು ಪುಡಿಕೆಯನ್ನೋ ರೊಟ್ಟಿ ಬುತ್ತಿಯನ್ನೋ ತಂದು, ಜಮಖಾನೆಯ ಮೇಲೆ ಕುಂತು, 'ಹಿಂಗಾಗಬಾರದಿತ್ತು ನೋಡ್ರಿ' ಅಂದು, ಚಹ ಕುಡಿದು ಹೋಗಬೇಕು. ಮಾತಾಡಿಸಲು ಯಾರೂ ಬಾರದ ಮನೆ ಬದುಕಿದ್ದೂ ಸತ್ತಂತೆ.

ಅವತ್ತು ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಪಕ್ಕದ ಮನೆಯ ರಾಯವ್ವ ಬಂದಳು, ಹೆಪ್ಪಿಗೆ ಒಂದು ಚಮಚೆ ಮೊಸರು ಕೇಳಿಕೊಂಡು ಹೋದಳು.

"ಆ ಬಸಯ್ಯನ ಎಮ್ಮಿ ಸತ್ತಾಗ ಇಡೀ ಓಣಿ ಬಂದು ಕುಂತಿತ್ತಲ್ಲೋ ನಿಂಗ್ಯಾ," ಎಂದಳು ದೇವಕ್ಕ, ಕಣ್ಣು ಒರೆಸಿಕೊಳ್ಳುತ್ತ. "ನನ್ನ ಮಗಾ ಒಂದು ಎಮ್ಮಿಗಿಂತ ಕಡಿಮಿ ಆದನೇನು?"

"ಎಮ್ಮಿ ಯಾರಿಗೂ ನಾಳೆ ಬರ್ರಿ ಅಂದಿರಲಿಲ್ರಿ ಅತ್ತಿ," ಎಂದಳು ಅವನ ಹೆಂಡತಿ ಸಪ್ನಾ ಒಳಗಿನಿಂದ.

ತಾಳಲಾರದೆ ದೇವಕ್ಕ ಸೋದರಮಾವನ ಮಗ ವೀರಪ್ಪನಿಗೆ ತಾನೇ ಫೋನು ಹಚ್ಚಿದಳು. ವೀರಪ್ಪ ಮಗಳ ಹಾಸ್ಟೆಲ್ ಸೀಟಿನ ಪತ್ರಕ್ಕಾಗಿ ನಿಂಗರಾಜನ ಬಾಗಿಲಿಗೆ ಎರಡು ಬೇಸಿಗೆ ತಿರುಗಿದವನು. "ಬರತೇನಿ ಯಕ್ಕಾ," ಎಂದ ಅವನು ಬಲು ಮರ್ಯಾದೆಯಿಂದ. "ಇವತ್ತ ಆಗೂದಿಲ್ಲ. ನಾಳೆ ಬರತೇನಿ."

ಇತ್ತ ಚಹದಂಗಡಿಯಲ್ಲಿ ಇಂಥ ಸಹಾಯಕರಿಗೆ ಅಯ್ಯೋ ಪಾಪ ಅನ್ನಬೇಕೋ ಬೇಡವೋ ಎಂಬ ಚರ್ಚೆ ನಡೆದಿತ್ತು. "ಹೊಟ್ಟಿಪಾಡು, ಏನ್ ಮಾಡ್ತಾನ? ಅನ್ನಬೇಕು," ಎಂದ ಒಬ್ಬ. "ಅನ್ನೂಣಂತ," ಎಂದ ಹಣಮಂತಪ್ಪ. "ಬಿಸಲಾಗ ನಾವು ಅವನ ಬಾಗಲದಾಗ ನಿಂತಾಗ ಆಂವ ಒಂದ ಸಲ ಅಂದಿದ್ದರ, ಅದನ್ನ ಈಗ ತಿರುಗಿ ಕೊಟ್ಟಬಿಡೂಣು."

ಸಹಾನುಭೂತಿ ತಾನಾಗಿ ಬರದಿದ್ದರೆ ಅದನ್ನು ಕ್ರಮಬದ್ಧವಾಗಿ ತರಿಸಬೇಕು. ಮೂರನೆಯ ದಿನ ಬೆಳಿಗ್ಗೆ ಸಾಹೇಬರ ಕಚೇರಿಯ ಗೋಡೆಗೆ ನಿಂಗರಾಜನೇ ಬರೆದ ಒಂದು ಸೂಚನೆ ಅಂಟಿತು.

'ಶಿಫಾರಸು ಪತ್ರ, ಸಹಿ ಮತ್ತು ಭೇಟಿ ಬಯಸುವ ಸಾರ್ವಜನಿಕರು ಮೊದಲು ಆಪ್ತ ಸಹಾಯಕರ ಮನೆಗೆ ತೆರಳಿ, ಸಹಾನುಭೂತಿ ವ್ಯಕ್ತಪಡಿಸಿ, ಚೀಟಿಗೆ ಮೊಹರಿನ ಶಿಕ್ಕೆ ಹಾಕಿಸಿಕೊಂಡು ಬರತಕ್ಕದ್ದು. ಸಹಾನುಭೂತಿಯು ಒಂದು ಕಪ್ ಚಹ ಆರುವಷ್ಟು ಹೊತ್ತಿಗಿಂತ ಕಡಿಮೆ ಇರಕೂಡದು. ಹೆಣ್ಣುಮಕ್ಕಳು ಸ್ವಇಚ್ಛೆಯಿಂದ ಅಳಬಹುದು. ಹೊಡೆತ, ಪೆಟ್ಟು, ಏಟು ಮುಂತಾದ ಶಬ್ದಗಳನ್ನು ಬಳಸಿದರೆ ಚೀಟಿ ರದ್ದು.'

ನಾಲ್ಕೂ ತಾಲೂಕಿನ ಜನ ಟೆಂಪೋ ಮಾಡಿಕೊಂಡು ಬಂದರು. ಗೌರೀಶಣ್ಣನವರ ಡ್ರೈವರ್ ಮುತ್ತಪ್ಪ ಬಾಗಿಲಲ್ಲಿ ಶಿಕ್ಕೆ ಹಿಡಿದು ಕುಂತ. ಜಮಖಾನೆ ತುಂಬಿತು, ಓಣಿ ತುಂಬಿತು. ಹೊಡೆತವೆಂದು ಬಾಯಿಬಿಡುವಂತಿಲ್ಲವಾದ್ದರಿಂದ ಎಲ್ಲರೂ ಸೊಳ್ಳೆಯ ಬಗ್ಗೆಯೇ ಮರುಗಿದರು.

"ಭಾಳ ದೊಡ್ಡದಿತ್ತೇನ್ರಿ ಸೊಳ್ಳಿ?"

"ಐದೂ ಬೆರಳು ಮೂಡ್ಯಾವಲ್ರಿ. ಸವದತ್ತಿ ಕಡೆ ಸೊಳ್ಳಿ ಹಿಂಗ ಇರತಾವ ನೋಡ್ರಿ."

"ಹಿಂಗಾಗಬಾರದಿತ್ತ ಬಿಡ್ರಿ. ಶಿಕ್ಕಾ ಹಾಕ್ತೀರೇನು?"

ಬಿಸ್ಕೀಟು ಪುಡಿಕೆಗಳು ಜಂತಿ ಮುಟ್ಟುವ ಹಾಗೆ ಬಿದ್ದವು. ದೇವಕ್ಕನ ಮುಖ ಅರಳಿತು, ಮಗನ ದೃಷ್ಟಿ ತೆಗೆದಳು. ನಿಂಗರಾಜ ಮಾತ್ರ ಗೋಡೆಗೆ ಒರಗಿ ಕುಂತು ಎಲ್ಲರ ಮುಖ ನೋಡುತ್ತಿದ್ದ. ಬಂದವರೆಲ್ಲ ಅವನ ಕಪಾಳ ಬಿಟ್ಟು ಮುತ್ತಪ್ಪನ ಕೈಯಲ್ಲಿದ್ದ ಶಿಕ್ಕೆ ನೋಡುತ್ತಿದ್ದರು.

ಮಧ್ಯಾಹ್ನ ಸಂಪಗಾಂವದ ಗುರುಬಸವ್ವ ಬಂದಳು. ಅವಳ ಗುಡಿಸಲ ಮೇಲೆ ಲೈಟಿನ ಕಂಬ ವಾಲಿ ವರ್ಷವಾಗಿತ್ತು. ಅದನ್ನು ಸರಿಮಾಡಿಸಲು ಪತ್ರ ಕೇಳಿ, 'ನಾಳೆ ಬರ್ರಿ' ಅನ್ನಿಸಿಕೊಂಡು, ಬಸ್ಸಿಗೆ ರೊಕ್ಕವಿಲ್ಲದೆ ನಡೆದುಹೋದ ಮುದುಕಿ ಅವಳು. ಮುತ್ತಪ್ಪ ಚೀಟಿ ಕೇಳಿದ.

"ಎಂಥಾ ಚೀಟಿನೋ? ಕಂಬದ ಮಾತ ಇವತ್ತಿಲ್ಲ. ಹುಡುಗನ್ನ ಮಾತಾಡ್ಸಾಕ ಬಂದೇನಿ," ಎಂದು ಅವಳು ಸರದಿ ಗಿರದಿ ನೋಡದೆ ಒಳಗೆ ನಡೆದಳು. ನಿಂಗರಾಜನ ಮುಂದೆ ಕುಕ್ಕರಗಾಲಿನಲ್ಲಿ ಕುಂತು, ಬಿರುಕುಬಿಟ್ಟ ಅಂಗೈಯನ್ನು ಅವನ ಕಪಾಳದ ಮೇಲಿಟ್ಟಳು.

"ಎಷ್ಟ ಜೋರ ಹೊಡದಾನಲ್ಲೋ ಯಪ್ಪಾ ಅಂವಾ. ಮಂದ್ಯಾಗ ಹೊಡಿಬಾರದು. ಎತ್ತಿಗೂ ಮಂದ್ಯಾಗ ಹೊಡಿಬಾರದು. ಉಂಡೀಯೋ ಇಲ್ಲೋ? ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಂದೇನಿ."

ನಿಷೇಧಿತ ಶಬ್ದ ಮೂರು ಸಲ ಬಂದುಹೋಯಿತು. ಆದರೂ ನಿಂಗರಾಜ ಚೀಟಿಯ ಮಾತು ಎತ್ತಲಿಲ್ಲ. ಮೂರು ದಿನದಿಂದ ಇಡೀ ಜಗತ್ತಿನಲ್ಲಿ ಯಾರಾದರೊಬ್ಬರು ಆ ಒಂದು ಮಾತು ಅನ್ನಲಿ ಎಂದು ಅವನು ಕಾದಿದ್ದ. ರೊಟ್ಟಿಯ ಗಂಟಿಗೆ ಕೈ ಹಾಕಿದ.

ಅಷ್ಟರಲ್ಲಿ ಓಣಿಯಲ್ಲಿ ಕಾರಿನ ಹಾರ್ನು ಕೇಳಿಸಿತು. ಗೌರೀಶಣ್ಣನವರು ಕಾರಿಳಿದು ಬಂದರು. ತಮ್ಮ ಬಂಗಲೆಯ ಮುಂದೆ ನರಪಿಳ್ಳೆ ಇಲ್ಲ, ಸಹಾಯಕನ ಮನೆಯ ಮುಂದೆ ಜಾತ್ರೆಯ ಗದ್ದಲ ಎಂದರೆ ಯಾವ ನಾಯಕ ಸಹಿಸುತ್ತಾನೆ?

"ಏನ ಹಚ್ಚೀರಿ ಇಲ್ಲಿ? ಯಾರಿಗೇನಾಗೇತಿ?"

ಜನರೆಲ್ಲ ಒಟ್ಟಿಗೆ ಚಹದ ಕಪ್ಪಿನೊಳಗೆ ನೋಡತೊಡಗಿದರು. ಗುರುಬಸವ್ವ ಒಬ್ಬಳೇ ತಲೆ ಎತ್ತಿದಳು. "ನೀನಽ ಹೊಡದು ನೀನಽ ಕೇಳ್ತೀಯಲ್ಲೋ ಗೌಡಾ. ಆ ಗಲ್ಲಾ ನೋಡು, ಹೆಂಗ ಬಾತೈತಿ."

ಸಾಹೇಬರು ನಿಂಗರಾಜನ ಕಡೆ ತಿರುಗಿದರು. "ಹೌದೇನೋ ನಿಂಗ್ಯಾ? ನಾ ಹೊಡದೇನೇನು?"

ನಿಂಗರಾಜ ಸಾಹೇಬರ ಮುಖ ನೋಡಿದ. ಮುದುಕಿಯ ಮುಖ ನೋಡಿದ. ಅಂಗೈಯ ಬಿಸಿ ಇನ್ನೂ ಕಪಾಳದ ಮೇಲಿತ್ತು. ಒಂಬತ್ತು ವರ್ಷದ ಅಭ್ಯಾಸವೂ ಬಾಯಲ್ಲೇ ಇತ್ತು.

"ಇಲ್ರೀ ಸಾಹೇಬ್ರ," ಎಂದ. ಮುದುಕಿಯ ಕಡೆ ತಿರುಗಿ, "ಆಯಿ, ನಿನಗ ಯಾರೋ ತಪ್ಪ ಹೇಳ್ಯಾರ. ಅದು ಸೊಳ್ಳಿ," ಎಂದ.

ಗುರುಬಸವ್ವ ಅವನ ಕೈಕೆಳಗಿನಿಂದ ರೊಟ್ಟಿಯ ಗಂಟನ್ನು ಮೆಲ್ಲಗೆ ಎಳೆದುಕೊಂಡು ಎದ್ದಳು.

"ನಾ ಬಂದದ್ದು ಹೊಡಿಸ್ಕೊಂಡಾಂವನ್ನ ಮಾತಾಡ್ಸಾಕ," ಎಂದಳು ದೇವಕ್ಕನಿಗೆ. "ಆಂವ ಈ ಮನ್ಯಾಗ ಇಲ್ಲಂತಬೇ. ಬರತೇನಿ."

ಅವಳು ಹೋದ ಮೇಲೆ ಸಾಹೇಬರು ತಮ್ಮ ಬಲಗೈ ಮುಂದೆ ಚಾಚಿದರು. "ಎಲ್ಲಾರೂ ಇವನ ಗಲ್ಲಾ ನೋಡ್ತೀರಿ. ಆ ಸೊಳ್ಳಿ ಹೊಡದ ಈ ಕೈಯಿ ಎಷ್ಟ ಬ್ಯಾನಿ ಆಗೇತಿ, ಯಾವ ಮಗನರ ಕೇಳೀರೇನು?"

ಖರೇ ಮಾತು. ಯಾರೂ ಕೇಳಿರಲಿಲ್ಲ. ನಿಂಗರಾಜ ಅಲ್ಲೇ ತಿದ್ದುಪಡಿ ಬರೆದ. ಇನ್ನು ಮುಂದೆ ಸಹಾನುಭೂತಿಯು ಮಾನ್ಯರ ಬಲಗೈಗೆ, ಮಾನ್ಯರ ಬಂಗಲೆಯಲ್ಲೇ ಸಲ್ಲತಕ್ಕದ್ದು. ಹಳೆಯ ಶಿಕ್ಕೆ ನಡೆಯುವುದಿಲ್ಲ. ಆಪ್ತ ಸಹಾಯಕರೂ ಇದಕ್ಕೆ ಹೊರತಲ್ಲ. ಜನ ಜಮಖಾನೆಯಿಂದ ಎದ್ದು, ತಾವು ತಂದ ಪುಡಿಕೆಗಳಲ್ಲಿ ಕೈಗೆ ಸಿಕ್ಕಷ್ಟನ್ನು ಹಿಡಿದುಕೊಂಡು ಬಂಗಲೆಯ ಕಡೆ ನಡೆದರು.

ಕೈಗೆ ಪಟ್ಟಿ ಕಟ್ಟಿಸಿಕೊಂಡ ಗೌರೀಶಣ್ಣನವರ ಫೋಟೋ ಸಂಜೆಯೊಳಗೆ ನಾಲ್ಕೂ ತಾಲೂಕು ತಿರುಗಿತು. ನಿಂಗರಾಜನೂ ಎರಡು ಬಿಸ್ಕೀಟು ಪುಡಿಕೆ ಹಿಡಿದು ಸರದಿಯಲ್ಲಿ ನಿಂತ. ಅವನ ಪಾಳಿ ಬಂದಾಗ ಬಾಗಿಲಲ್ಲಿದ್ದ ಮುತ್ತಪ್ಪ, "ಸಾಹೇಬ್ರು ಮಲಗ್ಯಾರ. ನಾಳೆ ಬರ್ರಿ," ಎಂದ. ಮುತ್ತಪ್ಪ ಈ ಕೆಲಸಕ್ಕೆ ಹೊಸಬ, ಆದರೂ ಅಂದ ಧಾಟಿ ಚೊಲೋ ಇತ್ತು. ನಿಂಗರಾಜ ಮನಸ್ಸಿನಲ್ಲೇ ಮೆಚ್ಚಿಕೊಂಡು ಮನೆಗೆ ಬಂದ.

ಪಡಸಾಲೆಯಲ್ಲಿ ಕುಂತು ಚಹದಲ್ಲಿ ಬಿಸ್ಕೀಟು ಅದ್ದಿ ಒಂದೇ ದವಡೆಯಲ್ಲಿ ಅಗಿಯತೊಡಗಿದ. ಸಪ್ನಾ ನೋಡಿ ಹತ್ತಿರ ಬಂದಳು. "ಇನ್ನೂ ನೋಯಸ್ತೈತೇನ್ರಿ?"

"ಯಾವುದು?" ಎಂದ ನಿಂಗರಾಜ. "ಸೊಳ್ಳಿ ಕಡದದ್ದು ಎಷ್ಟ ದಿನಾ ನೋಯಸ್ತೈತಿ?"

ದೇವಕ್ಕ ಜಮಖಾನೆ ಮಡಚಿ ಮೂಲೆಗಿಟ್ಟಳು. ಒಳಗೆ ಹೋಗಿ ಒಂದು ಸೊಳ್ಳೆಬತ್ತಿ ಹಚ್ಚಿಕೊಂಡು ಬಂದು ಮಗನ ಕಾಲ ಹತ್ತಿರ ಇಟ್ಟಳು.