ನನ್ನ ಕಾರಿನ ಯಜಮಾನರನ್ನು ಒಳಗೆ ಬಿಡಿ

ವಿದ್ಯುತ್ ಕಾರುಗಳ ಮಾರಾಟ ಮಳಿಗೆಯ ಸನ್ಮಾನ್ಯ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಗಾಜಿನ ಕೋಣೆ ಮತ್ತು ಆ ಕೋಣೆಯನ್ನು ತಣ್ಣಗಿಡುವ ಯಂತ್ರ, ಮೂವರೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನೂ ನನ್ನ ಅಕ್ಕನೂ ವಯಸ್ಸಿಗೆ ತಕ್ಕ ಹಾಗೆ ಕ್ಷೇಮ. ತಮ್ಮಲ್ಲಿ ಕೊಂಡ ಹೊಸ ಕಾರಿನ ಕ್ಷೇಮಸಮಾಚಾರವನ್ನು ಮಾತ್ರ ಅದರ ಯಜಮಾನರನ್ನು ಕೇಳಿಯೇ ತಿಳಿಸಬೇಕು. ಅವರು ಸಾಮಾನ್ಯವಾಗಿ ಹಾಸಿಗೆ ಅಂಗಡಿಯಲ್ಲಿ ಗಿರಾಕಿಗಳ ಗಡಿಬಿಡಿಯಲ್ಲಿರುತ್ತಾರೆ.

ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಇದುವರೆಗೆ ಖಾಸಗಿಯಾಗಿಯೇ ದೂರು ಕೊಟ್ಟೆ. ಆದರೆ ನಾನು ಫೋನ್ ಕೆಳಗಿಡುವ ಮೊದಲೇ ‘ತಮ್ಮ ದೂರನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ’ ಎಂಬ ಸಂದೇಶ ಬಂದುಬಿಡುತ್ತಿತ್ತು. ಗೋದಾಮಿನಲ್ಲಿ ಗುಮಾಸ್ತಿಕೆ ಮಾಡಿ ಸವೆದ ನಾನು ಇಷ್ಟು ಚುರುಕಿನ ಕಚೇರಿಯನ್ನು ಆಯುಷ್ಯದಲ್ಲಿ ಕಂಡಿಲ್ಲ. ನನಗೆ ತೃಪ್ತಿಯಾದದ್ದು ನನಗಿಂತ ಮೊದಲು ತಮಗೆ ಗೊತ್ತಾಗುತ್ತದೆ.

ಕಾಲೇಜಿನಲ್ಲಿ ನಮಗೆ ಕಮರ್ಷಿಯಲ್ ಕರೆಸ್ಪಾಂಡೆನ್ಸ್ ಎಂಬ ಪೇಪರ್ ಇತ್ತು. ದೂರಿನ ಪತ್ರವೆಂದರೆ ಮೊದಲು ಹೊಗಳಬೇಕು, ಆಮೇಲೆ ಅಳಬೇಕು, ಕೊನೆಗೆ ಕೇಳಬೇಕು ಎಂದು ಇಂಗ್ಲಿಷ್ ಮೇಷ್ಟ್ರು ಡಸ್ಟರಿನಿಂದ ಮೇಜು ಕುಟ್ಟಿ ಹೇಳುತ್ತಿದ್ದರು. ಪತ್ರ ಮುಗಿಸುವುದಕ್ಕೂ ಒಂದು ಭಾರಿ ವಾಕ್ಯ ಕಲಿಸಿದ್ದರು: ‘ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬೀಡಿಯೆಂಟ್...’ ಅದರ ಮುಂದಿನ ಶಬ್ದ ಮರೆತುಹೋಗಿದೆ. ಬರೆಯುತ್ತಾ ಬರೆಯುತ್ತಾ ನೆನಪಾದೀತು. ಪ್ರೊಸೀಡ್ ಆಗುತ್ತೇನೆ.

ಹೊಗಳಿಕೆಯನ್ನು ನಾನು ಸುಮ್ಮನೆ ಬರೆಯುತ್ತಿಲ್ಲ. ತಮ್ಮ ಕಾರು ಚಲಿಸುವಾಗ ನಿಜಕ್ಕೂ ಒಳ್ಳೆಯ ಕಾರು. ನನ್ನ ಅಕ್ಕನಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೋಗುವಾಗ ಪರವಾಗಿಲ್ಲ, ಬರುವಾಗ ಪೆಟ್ರೋಲು ಡೀಸೆಲ್ಲುಗಳ ವಾಸನೆ ಮೂಗಿಗೆ ತಾಗಿದರೆ ಸಾಕು, ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಹೀಗೆ ಒಮ್ಮೆ ಆದಾಗ ಟ್ಯಾಕ್ಸಿಯವನು ನಮ್ಮನ್ನು ನಡುದಾರಿಯಲ್ಲೇ ಇಳಿಸಿ, ಸೀಟು ಒರೆಸಿಕೊಡಿ ಎಂದು ಬಟ್ಟೆ ಚಾಚಿದ. ಅಕ್ಕ ಬ್ಯಾಂಡೇಜು ಸುತ್ತಿದ ಕೈಯಲ್ಲೇ ಒರೆಸಲು ಹೊರಟಳು. ಮಾರನೆಯ ವಾರ ನಾನು ತಮ್ಮ ಮಳಿಗೆಯ ಮೆಟ್ಟಿಲು ಹತ್ತಿದೆ. ಹೊಗೆಯಿಲ್ಲದ, ವಾಸನೆಯಿಲ್ಲದ, ಅಲ್ಲಾಡದ ಈ ಕಾರಿನಲ್ಲಿ ಅಕ್ಕ ಮನೆ ಮುಟ್ಟುವವರೆಗೂ ಬಾಯಿ ತೆರೆದು ನಿದ್ದೆ ಮಾಡುತ್ತಾಳೆ. ಆ ನಿದ್ದೆಗಾಗಿ ನಾನು ತಮಗೆ ಋಣಿ.

ಎಡಕ್ಕೆ ತಿರುಗಿದಾಗಲೆಲ್ಲ ಒಣ ಗಾಜಿನ ಮೇಲೆ ವೈಪರ್ ತಾನಾಗಿ ಓಡುವುದನ್ನೂ ದೂರಿಗೆ ಸೇರಿಸುವುದಿಲ್ಲ. ಕಾರಿಗೂ ಕೈಕಾಲು ಆಡಿಸಬೇಕೆನಿಸುತ್ತದೆ. ನಾನು ಆಕಳಿಸಿದರೆ ಒಳಗಿನಿಂದ ಒಂದು ಹೆಣ್ಣುದನಿ ‘ತಾವು ದಣಿದಿರುವಂತಿದೆ, ಸ್ವಲ್ಪ ವಿಶ್ರಮಿಸಿ’ ಎನ್ನುತ್ತದೆ. ನನ್ನಾಕೆ ತೀರಿಕೊಂಡ ಮೇಲೆ ನನ್ನ ದಣಿವನ್ನು ಗಮನಿಸಿದ ಮೊದಲ ಹೆಣ್ಣುದನಿ ಅದು. ಆಕಳಿಕೆ ಬಾರದಿದ್ದರೂ ಒಮ್ಮೊಮ್ಮೆ ಆಕಳಿಸುತ್ತೇನೆ.

ಇನ್ನು ಅಳುವ ಭಾಗ.

ಕಾರು ಕೊಟ್ಟ ದಿನ ತಮಗೆ ನೆನಪಿರಬಹುದು. ರಿಬ್ಬನ್ನು, ಕೇಕು, ಫೋಟೋಗ್ರಾಫರು ಎಲ್ಲ ಇತ್ತು. ನಮ್ಮನ್ನು ನೋಡಿಕೊಂಡವರು ನಡುವಯಸ್ಸಿನ ಒಬ್ಬ ಸೇಲ್ಸ್‌ಮನ್ನರು. ಅವರ ಹೆಸರು ಎದೆಯ ಮೇಲಿತ್ತು, ಹೆಸರಿನ ಮೇಲೆ ಟೈ ಬಿದ್ದಿತ್ತು, ಹೀಗಾಗಿ ನಮ್ಮ ಮನೆಯಲ್ಲಿ ಅವರು ಇಂದಿಗೂ ಕೆಂಪು ಟೈ. ಕಾರನ್ನು ಮೊಬೈಲ್ ಆ್ಯಪಿನಲ್ಲಿ ಯಜಮಾನನ ಹೆಸರಿಗೆ ನೋಂದಾಯಿಸಬೇಕಂತೆ. ನನ್ನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅಷ್ಟರಲ್ಲಿ ತಾವು ಗಾಜಿನ ಕೋಣೆಯಿಂದ ತಲೆ ಹೊರಹಾಕಿ ‘ಬೇಗ ಮುಗ್ಸಿ, ಬೇಗ ಮುಗ್ಸಿ, ಮುಂದಿನ ಡೆಲಿವರಿ ನಿಂತಿದೆ’ ಎಂದು ಅಪ್ಪಣೆ ಕೊಡಿಸಿದಿರಿ. ಕೆಂಪು ಟೈ ಬೆವರು ಒರೆಸಿಕೊಂಡು, ‘ಸದ್ಯಕ್ಕೆ ನನ್ ನಂಬರೇ ಹಾಕ್ಬಿಡ್ತೀನಿ ಸಾರ್, ಆಮೇಲೆ ಬದಲಾಯಿಸಿದ್ರಾಯ್ತು’ ಎಂದರು. ನಾನು ಕೇಕು ತಿನ್ನುತ್ತಿದ್ದೆ; ತಲೆಯಾಡಿಸಿದೆ. ನನ್ನಾಕೆ ಇದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಟೊಮೇಟೊ ಕೊಳ್ಳುವಾಗಲೂ ಒಂದೊಂದನ್ನೇ ತಿರುಗಿಸಿ ನೋಡಿ, ಕೊನೆಗೆ ಅಂಗಡಿಯವನ ಮುಖವನ್ನೂ ಒಮ್ಮೆ ಪರೀಕ್ಷಿಸುವವಳು ಅವಳು. ‘ಸದ್ಯಕ್ಕೆ ಅಂದ್ರೆ ಎಲ್ಲೀವರೆಗೆ?’ ಎಂದು ಅಲ್ಲೇ ಕೇಳಿರುತ್ತಿದ್ದಳು.

ಕೆಲವೇ ದಿನಗಳಲ್ಲಿ ಕೆಂಪು ಟೈ ಅವರು ತಮ್ಮ ಮಳಿಗೆ ಬಿಟ್ಟರು. ಕಾರಣ ಊರಿಗೆಲ್ಲ ಗೊತ್ತು: ಒಬ್ಬ ಗಿರಾಕಿ ‘ಒಂದು ಚಾರ್ಜಿಗೆ ನಿಜವಾಗ್ಲೂ ಎಷ್ಟು ದೂರ ಓಡುತ್ತೆ?’ ಎಂದು ಕೇಳಿದಾಗ ಅವರು ನಿಜ ಹೇಳಿಬಿಟ್ಟರು, ಅದೂ ತಮ್ಮ ಎದುರಿನಲ್ಲೇ. ಇಂಥ ಅಪರಾಧಕ್ಕೆ ತಾವು ಬೇರೇನು ಮಾಡಲು ಸಾಧ್ಯವಿತ್ತು? ಈಗ ಅವರು ಹಾಸಿಗೆ ಮಾರುತ್ತಾರೆ. ಹಾಸಿಗೆ ಎಲ್ಲಿಗೂ ಓಡುವುದಿಲ್ಲವಾದ್ದರಿಂದ ಅಲ್ಲಿ ನಿಜ ಹೇಳಿದರೂ ನಡೆಯುತ್ತದಂತೆ.

ಕಾರು ಮನೆಗೆ ಬಂದ ದಿನದಿಂದಲೂ ನಾನು ಬಾಗಿಲು ತೆಗೆದು ಕೂತ ಕೂಡಲೇ ಕಾರು ‘ವೆಲ್‌ಕಮ್, ಗೆಸ್ಟ್’ ಎನ್ನುತ್ತದೆ. ನನ್ನ ದುಡ್ಡಿನ ಕಾರಿನಲ್ಲಿ ನಾನು ಅತಿಥಿ. ಇದನ್ನೂ ಸಹಿಸಿಕೊಳ್ಳುತ್ತಿದ್ದೆ, ಅತಿಥಿಗೆ ಮರ್ಯಾದೆಯಾದರೂ ಇರುತ್ತದೆ. ಆದರೆ ಚಾರ್ಜ್ ಹಾಕುವ ಮುಚ್ಚಳ ತೆರೆಯುವ ಗುಂಡಿ ಕೆಟ್ಟುಹೋಯಿತು. ತಮ್ಮ ಸರ್ವೀಸ್ ಮೇಡಂ ‘ಪಾರ್ಟ್ ಬರ್ತಾ ಇದೆ ಸಾರ್’ ಎಂದರು. ಆ ಪಾರ್ಟು ಯಾವ ದೇಶದಿಂದ ನಡೆದುಕೊಂಡು ಬರುತ್ತಿದೆಯೋ, ದಾರಿಯಲ್ಲಿ ಅದರ ಚಪ್ಪಲಿ ಸವೆದಿದೆಯೋ ಏನೋ, ಈ ಪತ್ರ ಬರೆಯುವವರೆಗೆ ತಲುಪಿಲ್ಲ. ಅಲ್ಲಿಯವರೆಗೆ ಮುಚ್ಚಳವನ್ನು ಆ್ಯಪಿನಿಂದ ತೆರೆಯಬಹುದಂತೆ. ಆದರೆ ಯಜಮಾನರು ಮಾತ್ರ ತೆರೆಯಬಹುದಂತೆ.

ಹೀಗಾಗಿ ನಮ್ಮ ಮನೆಯ ಪದ್ಧತಿ ಏನೆಂದರೆ, ಕಾರಿಗೆ ಹೊಟ್ಟೆ ಹಸಿದಾಗ ನಾನು ಹಾಸಿಗೆ ಅಂಗಡಿಗೆ ಫೋನ್ ಮಾಡುತ್ತೇನೆ. ‘ಯಜಮಾನ್ರೇ, ಸ್ವಲ್ಪ ಬಾಯಿ ತೆಗೆಸ್ತೀರಾ?’ ಎನ್ನುತ್ತೇನೆ. ‘ಅಯ್ಯೋ ಸಾರ್, ಹಂಗೆಲ್ಲ ಕರೀಬೇಡಿ, ನಾಚಿಕೆ ಆಗುತ್ತೆ’ ಎನ್ನುತ್ತಾ ಅವರು ಅಲ್ಲಿ ಬೆರಳಿಡುತ್ತಾರೆ, ಇಲ್ಲಿ ಟಕ್ಕೆಂದು ಮುಚ್ಚಳ ತೆರೆದುಕೊಳ್ಳುತ್ತದೆ. ದೇವರಂಥ ಮನುಷ್ಯ. ಆದರೆ ದೇವರಿಗೂ ಗಿರಾಕಿಗಳಿರುತ್ತಾರೆ. ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿಕೊಂಡು ಹೊರಗೆ ಬಂದು ನೋಡಿದರೆ ಬ್ಯಾಟರಿ ತಳ ಕಂಡಿತ್ತು. ಆಸ್ಪತ್ರೆಯ ಪಕ್ಕದಲ್ಲೇ ಚಾರ್ಜ್ ಹಾಕುವ ಕಂಬವಿತ್ತು, ಎದುರಿಗೆ ಮುಚ್ಚಳವಿತ್ತು, ಯಜಮಾನರು ಮಾತ್ರ ಫೋನ್ ಎತ್ತಲಿಲ್ಲ. ಹಾಸಿಗೆ ಎಷ್ಟು ಮೆತ್ತಗಿದೆಯೆಂದು ಗಂಡ ಹೆಂಡತಿ ಇಬ್ಬರಿಗೆ ಮಲಗಿ ತೋರಿಸಲು ಹೋಗಿ ಅವರಿಗೆ ನಿದ್ದೆ ಹತ್ತಿತ್ತಂತೆ. ಆ ಗಂಡ ಹೆಂಡತಿಯೂ ಪಕ್ಕದ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದರಂತೆ.

ನಾನು ಮುಚ್ಚಳವನ್ನು ಚಮಚದಿಂದ ಮೀಟಿದೆ, ಬೈದೆ, ಮುದ್ದುಮಾಡಿದೆ. ಅಕ್ಕ ಸೀಟಿಗೆ ಒರಗಿ ಕಣ್ಣು ತೆರೆಯದೆಯೇ, ‘ಲೋ, ನಿನ್ನ ಕಾರಿನ ಯಜಮಾನರು ಮಲಗಿಬಿಟ್ರೇನೋ, ನಂಗೂ ಮಲಗಬೇಕು’ ಎಂದಳು. ತಮಾಷೆಯೆಂದುಕೊಂಡು ನಕ್ಕೆ. ತಿರುಗಿ ನೋಡಿದರೆ ಅವಳ ತುಟಿ ಬಿಳಿಚಿಕೊಂಡಿತ್ತು, ತಲೆ ಕಿಟಕಿಯ ಕಡೆಗೆ ವಾಲಿತ್ತು. ನರ್ಸಮ್ಮ ಗಾಲಿಕುರ್ಚಿ ತಂದು, ಈಗಷ್ಟೇ ಬಿಟ್ಟು ಬಂದ ಹಾಸಿಗೆಗೇ ಅವಳನ್ನು ವಾಪಸು ಕರೆದೊಯ್ದರು. ಸಂಜೆ ಕೆಂಪು ಟೈ ಓಡೋಡಿ ಬಂದು, ಶಾಲೆಗೆ ತಡವಾಗಿ ಬಂದವರಂತೆ ಅವಳ ಮಂಚದ ಬುಡದಲ್ಲಿ ನಿಂತರು. ತಮ್ಮ ಮಳಿಗೆಯಿಂದಲೂ ಆ ಹೊತ್ತಿಗೆ ಸರಿಯಾಗಿ ಒಂದು ಸಂದೇಶ ಬಂತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?

ಆಮೇಲೆ ನಾನು ಹೊಸ ಫೋನು ಕೊಂಡೆ, ಆ್ಯಪ್ ಹಾಕಿಸಿದೆ, ಮೇಡಂ ಮುಂದೆ ಹೋಗಿ ಕೂತೆ. ಆಕೆ ಕಂಪ್ಯೂಟರ್ ನೋಡಿ, ‘ಓನರ್ ಬರ್ಬೇಕು ಸಾರ್. ನೀವು ಗೆಸ್ಟ್’ ಎಂದರು. ‘ದುಡ್ಡು ಕೊಟ್ಟೋನು ನಾನಮ್ಮಾ’ ಎಂದೆ. ‘ಬಿಲ್ ನಿಮ್ಮ ಹೆಸ್ರಲ್ಲೇ ಇದೆ ಸಾರ್, ನಾವು ಒಪ್ತೀವಿ. ಕಾರು ಒಪ್ಪಲ್ಲ’ ಎಂದರು. ಯಜಮಾನರು ತಮ್ಮ ಫೋನಿನ ಸಮೇತ ಖುದ್ದಾಗಿ ಬಂದು, ಡೆಲಿವರಿ ಕೊಠಡಿಯಲ್ಲಿರುವ ಯಂತ್ರಕ್ಕೆ ಮುಖ ತೋರಿಸಿದರೆ ಮಾತ್ರ ಹೆಸರು ಬದಲಾಗುತ್ತದಂತೆ. ಸರಿ, ಕೆಂಪು ಟೈ ಅವರನ್ನು ಕರೆದುಕೊಂಡೇ ಬಂದೆ. ಗೇಟಿನಲ್ಲಿ ತಮ್ಮ ವಾಚ್‌ಮನ್ ಅವರನ್ನು ತಡೆದು, ಪಕ್ಕದ ಗೋಡೆ ತೋರಿಸಿದ. ಅಲ್ಲಿ ಅವರದೇ ಫೋಟೋ ಅಂಟಿಸಿದೆ, ಕೆಳಗೆ ‘ಒಳಗೆ ಬಿಡಬಾರದು’ ಎಂದು ತಮ್ಮ ಸಹಿಯಿದೆ. ‘ಇವ್ರನ್ನ ಒಳಗೆ ಬಿಟ್ರೆ ನಾನು ಹೊರಗೆ ಹೋಗ್ಬೇಕು ಸಾರ್. ನಂಗೂ ಮನೆ ಅದೆ’ ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಮೇಡಂ ಮಾತಿನಲ್ಲಿ ತಪ್ಪಿಲ್ಲ. ಕೆಂಪು ಟೈ ತಪ್ಪಿಗೆ ಕೆಲಸವೇ ಹೋಗಿದೆ. ತಪ್ಪೇ ಇಲ್ಲದ ಇಂಥ ಸಂಸ್ಥೆಯಲ್ಲಿ ನನ್ನ ಕಾರು ಹೇಗೆ ನಿಂತಿತೆಂಬುದೇ ಆಶ್ಚರ್ಯ.

ತಮ್ಮನ್ನು ಭೇಟಿಯಾಗಲು ಪ್ರತಿ ಸಲವೂ ಕಾದೆ. ಪ್ರತಿ ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಕೋಣೆ ಗಾಜಿನದಾದ್ದರಿಂದ ಮೀಟಿಂಗನ್ನು ನಾನೂ ನೋಡಿದೆ. ತಾವೊಬ್ಬರೇ ಬಿಸ್ಕತ್ತು ತಿನ್ನುತ್ತಾ ಸರ್ವಾನುಮತದಿಂದ ತೀರ್ಮಾನ ಕೈಗೊಳ್ಳುತ್ತಿದ್ದಿರಿ.

ಈಗ ಅವಸರದ ಸಂಗತಿ. ಕೆಂಪು ಟೈ ಅವರಿಗೆ ಸರಕು ಹಡಗಿನಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿದೆ. ಈ ಶುಕ್ರವಾರ ಹೊರಡುತ್ತಾರೆ. ‘ಸಮುದ್ರದ ಮಧ್ಯೆ ಸಿಗ್ನಲ್ ಇರಲ್ಲ ಸಾರ್. ಯಾವ್ದಾದ್ರೂ ಬಂದರು ಸಿಕ್ಕಾಗ ಮುಚ್ಚಳ ತೆಗಿತೀನಿ’ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾನೂ ಅಕ್ಕನಿಗೆ ವಿಷಯ ವಿವರಿಸಿದೆ: ಇನ್ನು ಮುಂದೆ ಹಡಗು ದಡ ಸೇರಿದಾಗ ಮಾತ್ರ ನಿನ್ನ ರಕ್ತ ಶುದ್ಧಿ ಮಾಡಿಸೋಣ, ಅಲ್ಲಿಯವರೆಗೆ ಹೇಗಾದರೂ ತಡೆದುಕೋ ಎಂದೆ. ಅವಳು ತಮ್ಮ ಬಗ್ಗೆ ಹೇಳಿದ್ದನ್ನು ಕಮರ್ಷಿಯಲ್ ಕರೆಸ್ಪಾಂಡೆನ್ಸಿನಲ್ಲಿ ಬರೆಯುವ ಹಾಗಿಲ್ಲ.

ಆದ್ದರಿಂದ ಮಾನ್ಯರೇ, ಕೇಳುವ ಭಾಗ. ದಯಮಾಡಿ ಮುಖ ನೋಡುವ ಆ ಯಂತ್ರವನ್ನು ಗೇಟಿನ ಹೊರಗಿನ ಫುಟ್‌ಪಾತಿಗೆ ತರಿಸಿ. ಉದ್ದನೆಯ ವೈರನ್ನು ನಾನೇ ತರುತ್ತೇನೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ ಕೆಂಪು ಟೈ ಅವರನ್ನು ಒಂದು ಚಹಾ ಕುಡಿಯುವಷ್ಟು ಹೊತ್ತು ಕೆಲಸಕ್ಕೆ ಸೇರಿಸಿಕೊಂಡು, ನನ್ನ ಹೆಸರು ಏರಿದ ಕೂಡಲೇ ಸಕಲ ಮರ್ಯಾದೆಗಳೊಂದಿಗೆ ಮತ್ತೆ ಕಿತ್ತುಹಾಕಿ. ಅವರ ಅಭ್ಯಂತರವಿಲ್ಲ, ಕೇಳಿದ್ದೇನೆ. ಅದೂ ಆಗದಿದ್ದರೆ ಸಮುದ್ರದ ನಡುವೆ ಅಲ್ಲಲ್ಲಿ ಮೊಬೈಲ್ ಟವರ್ ನೆಡಿಸಿ. ಅದೂ ಕಷ್ಟವೆಂದರೆ ನನ್ನನ್ನು ಕೆಂಪು ಟೈ ಅವರಿಗೆ ದತ್ತು ಕೊಡಿಸಿ. ಯಜಮಾನರ ಮಗನಿಗಾದರೂ ಕಾರು ಬಾಯಿ ತೆರೆದೀತು. ಅವರು ನನಗಿಂತ ಬಹಳ ಚಿಕ್ಕವರು, ಆದರೆ ತಮ್ಮ ಕಂಪ್ಯೂಟರು ಇದಕ್ಕಿಂತ ದೊಡ್ಡದನ್ನು ಒಪ್ಪಿಕೊಂಡಿದೆ.

ಇನ್ನೊಂದು ಸಣ್ಣ ಸಂಗತಿ ಹೇಳಲು ಮರೆತೆ. ಇಂದು, ಬುಧವಾರ ಬೆಳಿಗ್ಗೆ ತಮ್ಮನ್ನು ಮತ್ತೊಮ್ಮೆ ಕಾಣಲು ಬರುತ್ತಿರುವಾಗ ಕಾರಿನ ಬ್ಯಾಟರಿ ಪೂರ್ತಿ ಬರಿದಾಗಿ ಅದು ನಿಂತುಬಿಟ್ಟಿತು. ನಿಂತ ಜಾಗವನ್ನು ಮಾತ್ರ ಸ್ವಲ್ಪ ಆರಿಸಿಕೊಂಡು ನಿಂತಿದೆ: ತಮ್ಮ ಡೆಲಿವರಿ ಗೇಟಿಗೆ ಸರಿಯಾಗಿ ಅಡ್ಡಲಾಗಿ. ಒಳಗೆ ರಿಬ್ಬನ್ ಕಟ್ಟಿಸಿಕೊಂಡ ಹೊಸ ಕಾರುಗಳು ಸಾಲಾಗಿ ನಿಂತಿವೆ, ಕೇಕು ತಿಂದ ಯಜಮಾನರುಗಳು ಅವುಗಳ ಪಕ್ಕದಲ್ಲಿ ಸಾಲಾಗಿ ನಿಂತಿದ್ದಾರೆ. ಈ ಪತ್ರವನ್ನು ಬರೆದ ಹಾಗೆಲ್ಲ ಒಂದೊಂದೇ ಹಾಳೆಯಾಗಿ ನನ್ನ ಕಾರಿನ ಗಾಜಿಗೆ ಅಂಟಿಸುತ್ತಿದ್ದೇನೆ. ಅವರೆಲ್ಲ ಓದುತ್ತಿದ್ದಾರೆ, ಕೆಲವರು ತಂತಮ್ಮ ಕಾರು ಯಾರ ನಂಬರಿನಲ್ಲಿದೆಯೆಂದು ಈಗಲೇ ವಿಚಾರಿಸುತ್ತಿದ್ದಾರೆ. ಈ ಜಾಗವನ್ನು ಸೂಚಿಸಿದವಳು ಅಕ್ಕ. ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದಾಳೆ, ಹಲವು ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಬಂದಿದೆ.

ಎಳೆದು ಸರಿಸುವ ಲಾರಿಯನ್ನು ತಾವು ಕರೆಸಿದ್ದು ಕಂಡೆ. ಆದರೆ ಚಕ್ರಗಳ ಬೀಗ ಬಿಡಿಸಬೇಕಾದರೂ ಆ್ಯಪಿನಲ್ಲಿ ಯಜಮಾನರ ಬೆರಳು ಬೇಕಂತೆ. ನಂಬಿಕೆಯಿಲ್ಲದಿದ್ದರೆ ಮೇಡಂ ಅವರನ್ನು ಕೇಳಿ. ‘ಓನರ್ ಬರ್ಬೇಕು ಸಾರ್’ ಎನ್ನುತ್ತಾರೆ. ಈ ಸಲ ಆ ‘ಸಾರ್’ ತಾವು. ಹೆಚ್ಚು ಹುಡುಕಾಡಬೇಡಿ, ಯಜಮಾನರು ಗೇಟಿನ ಹೊರಗೆ ತಮ್ಮದೇ ಫೋಟೋದ ಪಕ್ಕದಲ್ಲಿ ನಿಂತಿದ್ದಾರೆ. ವಾಚ್‌ಮನ್ನನಿಗೆ ಗುರುತು ಸಿಗಲೆಂದು ಟೈಯನ್ನೂ ಕಟ್ಟಿಕೊಂಡು ಬಂದಿದ್ದಾರೆ. ಗೋಡೆಯ ಮೇಲಿನ ಆ ಹಾಳೆ ಹರಿದು ಅವರನ್ನು ಒಳಗೆ ಬಿಡಿ. ಮೊದಲು ನನ್ನ ಹೆಸರು ಏರಲಿ, ಆಮೇಲೆ ಚಕ್ರ ಉರುಳಲಿ.

ಕೊನೆಗೂ ಮೇಷ್ಟ್ರ ವಾಕ್ಯ ಪೂರ್ತಿಯಾಯಿತು. ಮರೆತ ಶಬ್ದವನ್ನು ತಮ್ಮ ಕಾರೇ ದಿನಾ ಹೇಳಿಕೊಡುತ್ತಿತ್ತು. ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬೀಡಿಯೆಂಟ್ ಗೆಸ್ಟ್.

ನನ್ನದೇ ಕಾರಿನ ಅತಿಥಿಯೂ
ತಮ್ಮ ವಿಶ್ವಾಸಿಯೂ ಆದ,
ಗೇಟಿನಲ್ಲಿರುವ ಮುದುಕ

ತಾ.ಕ.: ನಾಳೆ ಗುರುವಾರ ಬೆಳಿಗ್ಗೆ ಅಕ್ಕನಿಗೆ ಡಯಾಲಿಸಿಸ್ ಇದೆ. ಅಷ್ಟರೊಳಗೆ ಕೆಲಸ ಆಗದಿದ್ದರೆ ತಮ್ಮ ಸ್ವಂತ ಕಾರಿನಲ್ಲಿ ಅವಳನ್ನು ಕರೆದೊಯ್ದು ಕರೆತರಬೇಕೆಂದು ವಿನಂತಿ. ವಿದ್ಯುತ್ ಕಾರು ಮಾರುವ ತಾವು ಓಡಿಸುವುದು ಡೀಸೆಲ್ ಕಾರು ಎಂಬುದನ್ನು ಅಕ್ಕನೇ ಗಮನಿಸಿ ಹೇಳಿದಳು. ಹಾಲು ಬಣ್ಣದ ಸೀಟುಗಳೂ ಅವಳಿಗೆ ಬಹಳ ಹಿಡಿಸಿವೆ. ಬರುವಾಗ ವಾಸನೆಯನ್ನು ಸಹಿಸಿಕೊಳ್ಳಲು ಅವಳು ಒಪ್ಪಿದ್ದಾಳೆ. ಅವಳ ಹೊಟ್ಟೆ ಒಪ್ಪಿಲ್ಲ. ಬಟ್ಟೆ ನಾನು ತರುತ್ತೇನೆ, ಒರೆಸಲು ತಾವು ಇರುತ್ತೀರಲ್ಲ.