ಚಿಮಣಿ ನೋಡಲು ಬಂದವರು

ಹೊಗೆ ಕಡಿಮೆ ಮಾಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವಳು ದಿನಾ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ‘ಇವತ್ತಾದರೂ ಹೊಗೆ ಬರಲಿ’ ಎಂದು ಹಾರೈಸುವುದು ಉಂಡ ಮನೆಗೆ ಎರಡು ಬಗೆದಂತಲ್ಲವೆ? ಡೈರಿಯಲ್ಲಿ ಇಷ್ಟು ಬರೆದು, ಯಾರಾದರೂ ಓದಿಯಾರೆಂದು ದಿಂಬಿನ ಕೆಳಗೆ ತುರುಕಿ, ಅವಳು ಕೆಲಸಕ್ಕೆ ಹೊರಟಳು.

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಚಿಮಣಿಯಿಂದ ಎಷ್ಟು ಹೊಗೆ ಹೋಯಿತೆಂದು ಅಳೆಯುತ್ತ, ಹತ್ತು ವರ್ಷದಲ್ಲಿ ಅದನ್ನು ಸೊನ್ನೆಗಿಳಿಸುವುದು ಅವಳ ಕೆಲಸ. ಚಿಮಣಿಯ ಬುಡದಲ್ಲಿ ಬಾಯ್ಲರ್‌ಗೆ ಬೆಂಕಿ ಹಾಕುವುದು ಅವಳ ಅಪ್ಪನದು. ಪೇಟೆ ಕುಸಿದು, ಸಾಮಾನು ಕೊಳ್ಳುವವರೇ ಇಲ್ಲದ ಮೇಲೆ ಪೆಟ್ಟಿಗೆ ಯಾರಿಗೆ ಬೇಕು? ಅವಳು ಬರೆದ ನಕ್ಷೆಯಲ್ಲಿ ಹೊಗೆಯ ಗೆರೆಯೂ ಲಾಭದ ಗೆರೆಯೂ ಅವಳಿ ಮಕ್ಕಳಂತೆ ಕೈ ಕೈ ಹಿಡಿದು ಇಳಿಜಾರಿನಲ್ಲಿ ಓಡುತ್ತಿದ್ದವು. ಮೊದಲನೆಯದಕ್ಕೆ ಮ್ಯಾನೇಜರ್ ಅವಳ ಬೆನ್ನು ತಟ್ಟಿದ್ದರು. ಎರಡನೆಯದರಿಂದ ಅಪ್ಪನ ಕೆಲಸ ವಾರಕ್ಕೆ ಎರಡು ದಿನಕ್ಕಿಳಿದಿತ್ತು. ಅದೂ ಯಾವಾಗ ಹೋಗುತ್ತದೋ.

ಆ ದಿನ ಧಣಿಗಳು ಫೋನಿನಲ್ಲಿ, “ಒಬ್ರು ಬರ್ತಾರೆ, ಎಲ್ಲಾ ತೋರ್ಸಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

“ಬ್ಯಾಂಕಿನವರೇ!” ಮ್ಯಾನೇಜರ್ ಕುರ್ಚಿಯಿಂದ ಎದ್ದರು. “ಹೊಗೆ ಕಮ್ಮಿ ಮಾಡಿದೋರಿಗೆ ಬಡ್ಡಿ ಕಮ್ಮಿಯಂತೆ. ಓಡಮ್ಮಾ, ಒಂದೆಳೆ ಹೊಗೆ ಕಾಣಬಾರ್ದು ಅಂತ ನಿಮ್ಮಪ್ಪಂಗೆ ಹೇಳು.”

ಅವಳು ಓಡಿದಳು. ಅಪ್ಪ ಆಗಷ್ಟೇ ಹಚ್ಚಿದ್ದ ಬೆಂಕಿ ಆರಿಸಿದ.

ವಾಪಸು ಬರುವಾಗ, ಆಫೀಸೆಲ್ಲ ಬಾಯಣ್ಣ ಎಂದು ಕರೆಯುವ ಮಾರಾಟದವನು ಅಡ್ಡ ನಿಂತ.

“ಬರೋರು ಗಿರಾಕಿ ಕಣಮ್ಮಾ! ಹೊಗೆ ಇಲ್ದಿರೋ ಕಾರ್ಖಾನೆಗೆ ಯಾವ ಪುಣ್ಯಾತ್ಮ ಆರ್ಡರ್ ಕೊಡ್ತಾನೆ? ಎಮ್ಮೆ ಹಂಗೆ ಕಪ್ಪಗೆ ಬರ್ಬೇಕು ಹೊಗೆ!”

ಆಗುವುದಿಲ್ಲ ಎನ್ನಲು ಅವಳಿಗೆ ಬಾಯಿ ಬಾರದು. ಮತ್ತೆ ಓಡಿದಳು. ಹಚ್ಚಿದ್ದಾಯಿತು. ಮ್ಯಾನೇಜರ್ ಕಿಟಕಿಯಿಂದ ಕಿರುಚಿದರು, ಆರಿಸಿದ್ದೂ ಆಯಿತು.

“ಇದೇನು ಬೀಡಿನಾ ಮಗಳೇ, ಬೇಕಾದಾಗ ಹಚ್ಚಿ ಬೇಡವಾದಾಗ ಆರ್ಸೋಕೆ?” ಅಪ್ಪ ಮಸಿ ಮುಖದಲ್ಲೇ ನಕ್ಕ. “ಬರೋರು ಗಿರಾಕಿನೇ ಆಗಿರ್ಲಿ ಬಿಡು. ಬೆಂಕಿ ಇದ್ರೆ ಹೊಗೆ ಅಂತಾರೆ. ಹೊಟ್ಟೇಲಿ ಇಷ್ಟು ಉರೀತಿದ್ರೂ ಒಂದೆಳೆ ಬರ್ತಿಲ್ವಲ್ಲೇ.”

ಬಂದವನು ಧೂಳು ಮೆತ್ತಿದ ಚಪ್ಪಲಿಯ, ಕಡಿಮೆ ಮಾತಿನ ಮನುಷ್ಯ. “ಹೊಗೆ ಅರ್ಧಕ್ಕೆ ಇಳಿಸಿದೀವಿ” ಎಂದರು ಮ್ಯಾನೇಜರ್. “ಹಗಲೂ ರಾತ್ರಿ ಕೆಲಸ, ಸಾರ್!” ಎಂದ ಬಾಯಣ್ಣ. ಬಂದವನು ಎರಡನ್ನೂ ಕಿವಿಗೆ ಹಾಕಿಕೊಳ್ಳದೆ, ದರ್ಜಿ ಕಣ್ಣಲ್ಲೇ ಅಳತೆ ತೆಗೆಯುವಂತೆ ಚಿಮಣಿಯನ್ನು ಮೇಲಿಂದ ಕೆಳಗೆ ನೋಡಿ, ಇಟ್ಟಿಗೆಯ ಮೇಲೆ ಬೆರಳು ಮಡಚಿ ಬಡಿದ.

“ಒಳಗೆ ತಣ್ಣಗಿದೆಯಾ? ಬಾಯ್ಲರ್, ಚಿಮಣಿ ಎರಡೂ ನಿಮ್ಮ ಧಣಿಗಳು ನಮಗೆ ಮಾರಿದಾರೆ. ಕೆಡವೋಕೆ ನಾಳೆ ನಮ್ಮೋರು ಹತ್ಬೇಕು.”

ಬಾಯಣ್ಣನ ಬಾಯಿಯೂ ಬಿದ್ದುಹೋಯಿತು. ಮೊದಲು ಚೇತರಿಸಿಕೊಂಡವರು ಮ್ಯಾನೇಜರ್.

“ಹಂಗಾದ್ರೆ ಹೊಗೆ ಪೂರ್ತಿ ಸೊನ್ನೆ ಆಯ್ತಲ್ಲಮ್ಮಾ! ನಿನ್ನ ಗುರಿ ಹತ್ತು ವರ್ಷ ಮೊದಲೇ ಮುಟ್ಟಿಬಿಟ್ಟೆ!”

ಅಳೆಯಲು ಹೊಗೆಯೇ ಇಲ್ಲದ ಮೇಲೆ ಅಳೆಯುವವಳೇಕೆ ಎಂಬುದು ಆಮೇಲೆ ಅವರಿಗೂ ಹೊಳೆದಿರಬೇಕು. ಮುಖ ಆಚೆ ತಿರುಗಿಸಿದರು.

ಅಪ್ಪ ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಹಳೇ ಬಟ್ಟೆಯಿಂದ ಕೈ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಗೆದ್ದೆಯಲ್ಲೇ ಮಗಳೇ” ಎಂದ.

ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು:

“ನನಗೆ ಹೊಗೆ ಬೇಕಿತ್ತಪ್ಪಾ.”